ಕೈ ಮುಟ್ಟದ ಲೆಕ್ಕ

ಸೂರ್ ಪಟ್ಟಣದ ಈ ಕಚೇರಿಯಲ್ಲಿ
ಜನರನ್ನು ಕಳಿಸಿಕೊಡುವ ಕೆಲಸ ನನ್ನದು.
ದುಡಿದ ವರ್ಷ ಗುಣಿಸು ಮೂಲ ಸಂಬಳ,
ಕಳೆ: ಮುಂಗಡ, ಕಳೆದುಹೋದ ಹೆಲ್ಮೆಟ್ಟು, ಗೇಟ್ ಪಾಸು.
ಉಳಿದದ್ದು ಆಯುಸ್ಸು. ಕೆಳಗೆ ಸಹಿ.

ಮೈಯದ್ದಿ ಬಂದದ್ದು ಗುರುವಾರ, ನಾನು ಬುತ್ತಿ ಬಿಚ್ಚುವಾಗ.
ಇಪ್ಪತ್ತಾರು ವರ್ಷ
ಸಮುದ್ರದಿಂದ ಉಪ್ಪು ತೆಗೆದವನು,
ನೀರಿನ ಸ್ಥಾವರದ ರಾತ್ರಿ ಪಾಳಿ.
ಎಡಗೈಯ ಎರಡು ಬೆರಳು ಪಂಪಿಗೆ ಹೋಗಿವೆ;
ಆ ಪರಿಹಾರ ಬೇರೆ ಫೈಲಿನಲ್ಲಿದೆ.

ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತಾರು ರಿಯಾಲು,
ಮುನ್ನೂರು ಬೈಸ. ಓದಿ ಹೇಳಿದೆ.
ಅವನು ಏಳಲಿಲ್ಲ.
"ಮೂರರಲ್ಲೊಂದು ಪಾಲು ನನ್ನ ಖಾತೆಗೆ ಬೇಡ ಬಾಯಮ್ಮ,
ಇಲ್ಲಿಂದಲೇ ಸೀದಾ ಪುತ್ತೂರಿಗೆ ಹೋಗಲಿ."
ಬೆವರಿಗೆ ಮೆತ್ತಗಾದ ಚೀಟಿ ಬಿಡಿಸಿಟ್ಟ:
ಡಯಾಲಿಸಿಸ್ ಕೇಂದ್ರ, ಖಾತೆ ನಂಬರು,
ತಿದ್ದಿ ತಿದ್ದಿ ಕಪ್ಪಾದ ಸೊನ್ನೆಗಳು.

ನಾನು ಬುದ್ಧಿವಂತಿಕೆ ಹೇಳಿದೆ.
ಇಲ್ಲಿ ತೆರಿಗೆಯೇ ಇಲ್ಲ ಮಾರಾಯ್ರೇ, ತಪ್ಪಿಸಿಕೊಳ್ಳಲಿಕ್ಕೆ ಏನುಂಟು?
ಪೂರ್ತಿ ತೆಗೆದುಕೊಳ್ಳಿ, ಊರಿಗೆ ಹೋಗಿ,
ನಿಮ್ಮ ಹೆಸರಿನ ಚೆಕ್ಕು ಬರೆಯಿರಿ.
ರಸೀದಿ ಸಿಗುತ್ತದೆ, ವಿನಾಯಿತಿ ಸಿಗುತ್ತದೆ,
ಅಂಗಡಿ ಇಡುವವರಿಗೆ ಅದೆಲ್ಲ ಬೇಕಾಗುತ್ತದೆ.

ನಕ್ಕ. "ತೆರಿಗೆ ಹಾಕುವುದು ಸರಕಾರ ಮಾತ್ರವಾ?
ಮಂಗಳೂರಲ್ಲಿ ಇಳಿದ ಕೂಡಲೇ ಅಳಿಯನ ಪಿಕಪ್ಪು,
ಬಜ್ಪೆ ದಾಟುವಾಗ ಭಾವನ ಕೋಳಿಫಾರ್ಮು,
ಮನೆ ಮುಟ್ಟುವಾಗ ಅಡುಗೆಮನೆಗೆ ಟೈಲ್ಸು.
ಯಾರದ್ದೂ ತಪ್ಪಲ್ಲ. ಎಲ್ಲರಿಗಿಂತ ದೊಡ್ಡ ತೆರಿಗೆ ಇದು,"
ಎಂದು ಬಲಗೈ ಎತ್ತಿ ತೋರಿಸಿದ,
ಕ್ಲೋರಿನ್ನಿಗೆ ಬೆಳ್ಳಗಾದ ಅಂಗೈ.
"ಜೇನು ಕಿತ್ತವ ಕೈ ನೆಕ್ಕದೆ ಇರ್ತಾನಾ?
ಈ ಪಾಲು ಇದಕ್ಕೆ ತಾಗುವುದೇ ಬೇಡ."

ಆಮೇಲೆ, ಕೇಳದೆಯೇ, ಬಾಬು ಮಡಿವಾಳನ ಮಾತು ತೆಗೆದ.
ವಿಟ್ಲದ ಕಡೆಯವ, ಒಂದೇ ಕೋಣೆ, ಮೇಲಿನ ಮಂಚ.
ಜುಲೈಯಲ್ಲಿ ಸಾರುವೆ ಕಟ್ಟುವವ ನೀರು ಕುಡಿಯುತ್ತಿರಲಿಲ್ಲ,
ಮೂತ್ರಕ್ಕೆಂದು ಇಳಿದರೆ ಫೋರ್ಮನ್ ಬೈಯುತ್ತಿದ್ದ.
ಊರು ತುಂಬುವಷ್ಟು ಸಿಹಿನೀರು ನಾವು ಮಾಡುತ್ತಿದ್ದೆವು,
ಅವನ ಕಿಡ್ನಿ ಒಣಗಿತು.
ಪುತ್ತೂರಿನ ಆ ಕುರ್ಚಿಯಲ್ಲಿ ವಾರಕ್ಕೆ ಮೂರು ಸಲ,
ಎರಡು ವರ್ಷ, ಒಂದು ರಂಜಾನು ಹೆಚ್ಚು.
"ಅಲ್ಲಿಯೂ ನಮ್ಮಂಥದ್ದೇ ಸಣ್ಣ ಪ್ಲಾಂಟು ಉಂಟು ಬಾಯಮ್ಮ,
ನೀರು ಮೆದು ಮಾಡಲಿಕ್ಕೆ ಮೂಟೆಗಟ್ಟಲೆ ಉಪ್ಪು ಬೇಕು.
ಮೆಷಿನ್ ಕೊಟ್ಟವರ ಹೆಸರು ಗೋಡೆಯಲ್ಲಿದೆ.
ಉಪ್ಪಿಗೆ ಯಾರೂ ಇಲ್ಲ."

ನಮ್ಮ ಫಾರಮ್ಮಿನಲ್ಲಿ ಖಾತೆಗೆ ಒಂದೇ ಸಾಲು.
ಇನ್ನೊಂದನ್ನು ಸ್ಕೇಲಿಟ್ಟು ನಾನೇ ಎಳೆದೆ.
ಹೊರದೇಶದ ಹಣಕ್ಕೆ ಆ ಕೇಂದ್ರದ ಬಳಿ ಪರವಾನಗಿ ಇತ್ತು, ಪುಣ್ಯ;
ಅದನ್ನು ಹುಡುಕಲಿಕ್ಕೇ ಹನ್ನೊಂದು ದಿನ.
ಮ್ಯಾನೇಜರ್ ಹಮೂದ್ ಎಳೆದ ಸಾಲನ್ನು ನೋಡಿದರು,
ನನ್ನನ್ನು ನೋಡಿದರು.
"ಮೂರರಲ್ಲೊಂದಾ? ಅದೇ ಬಹಳ," ಎಂದು
ಕ್ಯಾಪು ತೆಗೆಯದ ಪೆನ್ನಿನಿಂದ ಮೊದಲು, ತೆಗೆದು ಮತ್ತೊಮ್ಮೆ
ಸಹಿ ಹಾಕಿದರು.

ಸಾವಿರದ ಆರುನೂರ ನಲವತ್ತೆರಡು, ನೂರು ಬೈಸ.
ಎಷ್ಟು ಮೂಟೆಯಾದೀತೆಂದು ಕ್ಯಾಲ್ಕುಲೇಟರ್ ಒತ್ತಿ
ಉತ್ತರ ಬರುವ ಮೊದಲೇ ಅಳಿಸಿದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು
ನಮ್ಮ ಪಾದ್ರಿಗಳು ಹೇಳುವುದುಂಟು,
ಅವರ ಮಸೀದಿಯಲ್ಲೂ ಹೇಳುತ್ತಾರಂತೆ.
ಇವನ ಬಲಗೈಗೂ ತಿಳಿಯಲಿಲ್ಲ.
ಬೀಳ್ಕೊಡುವಾಗ ಎದೆಯ ಮೇಲಿಟ್ಟದ್ದು ಆ ಕೈಯನ್ನೇ,
ಖಾಲಿ, ಹಗುರ.

ಮೊನ್ನೆ ರಸೀದಿ ಬಂತು.
ದಾನಿಗಳ ಹೆಸರು: ಸಂಬಳ ವಿಭಾಗ, ಸೂರ್.
'ತಮ್ಮ ಕುಟುಂಬಕ್ಕೆ ದೇವರು ಒಳ್ಳೆಯದು ಮಾಡಲಿ.'
ಯಾರ ತೆರಿಗೆಗೂ ಸಲ್ಲದ ಕಾಗದ.
ಅವನ ಫೈಲು ಮುಚ್ಚಿದೆ, ನನ್ನದು ಇನ್ನೂ ತೆರೆದಿದೆ,
ಹದಿನಾಲ್ಕು ವರ್ಷ ಗುಣಿಸು ಮೂಲ ಸಂಬಳ.
ಎಲ್ಲಿ ಇಡುವುದೆಂದು ತಿಳಿಯದೆ
ಏಸಿ ಗಾಳಿಗೆ ಹಾರದ ಹಾಗೆ
ಸದ್ಯ ಮೇಲೊಂದು ಸ್ಟೇಪ್ಲರ್ ಇಟ್ಟಿದ್ದೇನೆ.